ಜರಡಿ ಹಿಡಿದ ಬೂದಿ

ಕೆಂಪಿಹಾಳದಲ್ಲಿ ಕಳವು ಆಗುತ್ತಿರಲಿಲ್ಲ ಎಂದೇನಲ್ಲ, ಆಗುತ್ತಿತ್ತು; ಊರಲ್ಲಿ ಕಳ್ಳರು ಮಾತ್ರ ಇರಲಿಲ್ಲ. ಹನುಮಸಾಗರದಿಂದ ಒಳರಸ್ತೆ ಹಿಡಿದರೆ ಸಿಗುವ ಆ ಊರಿನ ಜನ ಇದನ್ನು ಒಗಟಿನ ಹಾಗೆ ಹೇಳುತ್ತಿರಲಿಲ್ಲ, ನಮ್ಮೂರ ಭಾವಿ ನೀರು ಸಿಹಿ ಎನ್ನುವ ಹಾಗೆ ಹೇಳುತ್ತಿದ್ದರು.

ಯಾರ ಮನೆಯಲ್ಲಾದರೂ ಸಾಮಾನು ಕಾಣೆಯಾದರೆ ಮೊದಲು ತಳವಾರ ಮಾರೆಪ್ಪನಿಗೆ ಹೇಳಬೇಕು. ಊರ ಕಾವಲು ಅವನ ಮನೆತನದ ಕೆಲಸ. ಸರ್ಕಾರ ಅದನ್ನು ಎಂದೋ ರದ್ದು ಮಾಡಿದ್ದರೂ ಆ ಆದೇಶ ಕೆಂಪಿಹಾಳಕ್ಕೆ ಬಂದು ಮುಟ್ಟಿರಲಿಲ್ಲ. ಮಾರೆಪ್ಪ ಅಂದೇ ಸಂಜೆ ಹಲಗೆ ಬಡಿದು ಡಂಗುರ ಸಾರುತ್ತಿದ್ದ: ನಾಳೆ ಬೂದಿ ಗುಂಪಿ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಪ್ರತಿ ಮನೆಯಿಂದ ಒಬ್ಬರು ತಮ್ಮ ಒಲೆಯ ಬೂದಿಯನ್ನು ಬುಟ್ಟಿಯಲ್ಲಿ ತುಂಬಿ, ಮೇಲೊಂದು ಅರಿವೆ ಮುಚ್ಚಿ, ಊರ ಬಾಗಿಲಾದ ಅಗಸಿಯ ಹನುಮಪ್ಪನ ಗುಡಿಯ ಮುಂದೆ ತಂದು ಒಂದೇ ಗುಂಪಿಗೆ ಸುರಿಯಬೇಕು. ಹಿಂದೆ ಬಂದವರ ಬುಟ್ಟಿ ನೋಡುವ ಹಾಗಿಲ್ಲ. ಹೊತ್ತು ಮೇಲೆ ಬಂದಾಗ ಮಾರೆಪ್ಪ ಎಲ್ಲರೆದುರು ಗುಂಪಿ ಕೆದರುತ್ತಾನೆ. ಕಳೆದ ಸಾಮಾನು ಬೂದಿಯೊಳಗೆ ಸಿಗುತ್ತದೆ. ಯಾರ ಬುಟ್ಟಿಯಿಂದ ಬಿತ್ತೆಂಬುದು ಹನುಮಪ್ಪನಿಗೆ ಗೊತ್ತು, ಆದರೆ ಅವನು ಬಾಯಿ ಬಿಡುವ ಪೈಕಿಯಲ್ಲ. ಸಾಮಾನು ಮನೆಗೆ, ಬೂದಿ ಹೊಲಕ್ಕೆ. ಮತ್ತೆ ಆ ಮಾತು ಎತ್ತಿದವನಿಗೆ ಊರಲ್ಲಿ ಯಾರೂ ಬೆಂಕಿಕಡ್ಡಿ ಸಹ ಕೊಡುವುದಿಲ್ಲ.

ಹೀಗೆ ಎತ್ತಿನ ಕೊರಳ ಗಂಟೆ ಸಿಕ್ಕಿತ್ತು, ಮದುವೆಮನೆಯಲ್ಲಿ ಮಾಯವಾದ ಕೈಗಡಿಯಾರ ಸಿಕ್ಕಿತ್ತು. ಒಂದು ಸಲವಂತೂ ಕಳೆದದ್ದು ಬೆಳ್ಳಿಯ ಕಾಲುಂಗುರವಾದರೆ, ಗುಂಪಿಯಲ್ಲಿ ಅದರ ಜೊತೆಗೆ ಒಂದು ಹಿತ್ತಾಳೆಯ ಸೇರೂ ಸಿಕ್ಕಿತು. ಅದು ಯಾರದೆಂದು ಮುದುಕರೆಲ್ಲ ಕೂತು ನೆನಪು ಮಾಡಿಕೊಳ್ಳಬೇಕಾಯಿತು. ಯಾರೋ ಸಮಯ ಸಾಧಿಸಿ ತಮ್ಮ ಅಪ್ಪನ ಕಾಲದ ಬಾಕಿ ತೀರಿಸಿದ್ದರು.

ಯಮನೂರಮ್ಮನ ಬೆಳ್ಳಿ ಡಾಬು ಹೋದಾಗಲೂ ಹೀಗೆಯೇ ಆಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಯಮನೂರಮ್ಮ ಮಾರೆಪ್ಪನಿಗೆ ಹೇಳುವ ಮೊದಲು ಫೋನು ಮಾಡಿದಳು.

ಅವಳು ಊರ ಸಾಲಿಯಲ್ಲಿ ಬಿಸಿಯೂಟದ ಅಡುಗೆಯವಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಹಗಲು ನೂರು ಮಕ್ಕಳಿಗೆ ಬಡಿಸಿ, ಸಂಜೆ ತನ್ನೊಬ್ಬಳಿಗಾಗಿ ಒಲೆ ಹಚ್ಚುವುದು ಅವಳಿಗೆ ಬೇಸರದ ಕೆಲಸ. ಹಚ್ಚದಿರುವ ಉಪಾಯವನ್ನು ಪಕ್ಕದ ಮನೆಯ ಗಾಳೆಮ್ಮ ಮಾಡಿಕೊಟ್ಟಿದ್ದಳು. ಎರಡು ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಅದರಲ್ಲಿ ದೀಪವಿಡುವ ಗೂಡು ಹಿಂದೊಮ್ಮೆ ಮಳೆಗೆ ಬಿದ್ದು ಆರಪಾರು ಕಿಂಡಿಯಾಗಿತ್ತು. ಮುಚ್ಚಿಸಬೇಕು ಮುಚ್ಚಿಸಬೇಕು ಎನ್ನುತ್ತಲೇ ಇಬ್ಬರೂ ಅದರಲ್ಲಿ ಕೈ ತೂರಿಸುವುದನ್ನು ರೂಢಿ ಮಾಡಿಕೊಂಡರು. ಆ ಕಡೆಯಿಂದ ರೊಟ್ಟಿ, ಈ ಕಡೆಯಿಂದ ಸಾಲಿಯಲ್ಲಿ ಉಳಿದ ಸಾಂಬಾರು. ಆ ಕಡೆಯಿಂದ ಎಮ್ಮೆಯ ಮಜ್ಜಿಗೆ, ಈ ಕಡೆಯಿಂದ ಹೆಡ್ ಮಾಸ್ತರರ ಸುದ್ದಿ. ಊಟವಾದ ಮೇಲೆ ಇಬ್ಬರೂ ತಮ್ಮ ತಮ್ಮ ಕಡೆಯಿಂದ ಗೋಡೆಗೆ ಬೆನ್ನು ಹಚ್ಚಿ ಕೂತು ಮಾತಾಡುತ್ತಿದ್ದರು.

“ಏ ಯಮನೂರಿ, ನಿದ್ದಿ ಬಂತೇನ?”

“ಇಲ್ಲವಾ, ಹೇಳು.”

“ಹೇಳೂದೇನೈತಿ. ಎಚ್ಚರ ಅದಿ ಇಲ್ಲೋ ಅಂತ ಕೇಳಿದೆ.”

ಇಂಥ ಮಾತು.

ಆ ವರ್ಷ ಪೊಲೀಸರು ಸಾಲಿಗೆ ಬಂದು ನೂರಾ ಹನ್ನೆರಡು ಎಂಬ ತುರ್ತು ನಂಬರಿನ ಬಗ್ಗೆ ತಿಳಿವಳಿಕೆ ಕೊಟ್ಟಿದ್ದರು. ಬೀಟಿನ ಪೊಲೀಸ ಉಮಾಪತಿ, ಹೆಂಗಸರೂ ಧೈರ್ಯವಾಗಿ ಫೋನು ಮಾಡಬಹುದೆಂದು ತೋರಿಸಲು ಅಡುಗೆಮನೆಯಿಂದ ಯಮನೂರಮ್ಮನನ್ನೇ ಕರೆಸಿ ಅವಳ ಕೈಯಲ್ಲೇ ನಂಬರು ಒತ್ತಿಸಿದ್ದ. ಆ ಕಡೆಯಿಂದ ಒಬ್ಬ ಹುಡುಗಿ, “ನಮಸ್ಕಾರ, ನಿಮಗೇನು ತೊಂದರೆಯಾಗಿದೆ ಹೇಳಿ ಅಮ್ಮಾ” ಅಂದಳು. ಅಷ್ಟು ನಯವಾಗಿ ಯಾರಾದರೂ ತನ್ನನ್ನು ಏನನ್ನಾದರೂ ಕೇಳಿದ್ದು ಯಮನೂರಮ್ಮನಿಗೆ ನೆನಪಿರಲಿಲ್ಲ. ಏನು ಹೇಳಬೇಕೋ ತಿಳಿಯದೆ, “ಏನಿಲ್ಲವಾ, ನಿನ್ನ ಊಟ ಆತೇನು?” ಎಂದು ಕೇಳಿದಳು. ಮಕ್ಕಳು, ಮಾಸ್ತರರು, ಉಮಾಪತಿ ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ದನಿ ಮಾತ್ರ ಕಿವಿಯಲ್ಲಿ ಉಳಿಯಿತು.

ಡಾಬು ಹೋದದ್ದು ಗೊತ್ತಾದ ದಿನ ಗಾಳೆಮ್ಮ ಊರಲ್ಲಿರಲಿಲ್ಲ. ಅವಳ ಮಗಳು ದ್ರಾಕ್ಷಾಯಿಣಿಯನ್ನು ಗಂಗಾವತಿ ಹತ್ತಿರದ ಮರಳಿ ಎಂಬ ಊರಿಗೆ ಕೊಟ್ಟಿತ್ತು. ಕಾಲುವೆ ನೀರಿನ, ಭತ್ತದ ನಾಡು. ಏಳು ತಿಂಗಳ ಬಸುರಿಗೆ ಅಲ್ಲಿ ಕುಬಸದ ಕಾರ್ಯವಿತ್ತು. ಯಮನೂರಮ್ಮನಿಗೂ ಹೋಗುವ ಆಸೆಯಿತ್ತು, ಸಾಲಿಯವರು ರಜೆ ಕೊಡಲಿಲ್ಲ. ಗಾಳೆಮ್ಮನ ಮನೆಗೆ ಕೀಲಿ ಬಿದ್ದದ್ದೇ ಗೋಡೆ ಸುಮ್ಮನಾಯಿತು. ಹೊತ್ತು ಹೋಗದೆ ಯಮನೂರಮ್ಮ ಮೂಲೆಯ ಡಬ್ಬಿಯ ಜೋಳವನ್ನು ಬಿಸಿಲಿಗೆ ಹರವಲು ತೆಗೆದಳು. ಜೋಳದ ತಳದಲ್ಲಿ ಅರಿವೆಯಲ್ಲಿ ಸುತ್ತಿಟ್ಟಿದ್ದ ಡಾಬು ಇರಲಿಲ್ಲ. ಅವ್ವ ಮದುವೆಯಲ್ಲಿ ಸೊಂಟಕ್ಕೆ ಕಟ್ಟಿದ್ದು. ಇಡೀ ಆಯುಷ್ಯದಲ್ಲಿ ಅವಳಿಗೆಂದೇ ಯಾರೋ ಮಾಡಿಸಿದ ಒಂದೇ ಒಂದು ಸಾಮಾನು.

ಗಾಳೆಮ್ಮ ಇದ್ದಿದ್ದರೆ ಕಿಂಡಿಯಲ್ಲಿ ಬಾಯಿಟ್ಟು ಅತ್ತರೆ ಮುಗಿಯುತ್ತಿತ್ತು. ಇರಲಿಲ್ಲವಾಗಿ, ನಯವಾಗಿ ಕೇಳುವ ಆ ಹುಡುಗಿಯ ನೆನಪಾಯಿತು. ಫೋನು ಒತ್ತಿದಳು.

ಪೊಲೀಸ್ ಜೀಪು ಎಷ್ಟು ಬೇಗ ಬಂತೆಂದರೆ ಯಮನೂರಮ್ಮನಿಗೇ ಗಾಬರಿಯಾಯಿತು. ಉಮಾಪತಿ ಪಂಚರನ್ನು ಕರೆದು, ಡಬ್ಬಿಯನ್ನು ಎಲ್ಲರೆದುರು ಬೋರಲು ಹಾಕಿಸಿ, ಜಗಲಿ, ಗೂಡು, ಕಣಜ ಎಲ್ಲ ತಡಕಿಸಿ, ಪಂಚನಾಮೆ ಬರೆದ.

“ಯಾರ ಮ್ಯಾಲರ ಸಂಶಯ ಐತೇನ್ರಿ ಅಮ್ಮಾರ?”

“ಯಾರ ಮ್ಯಾಲೂ ಇಲ್ರಿ ಸಾಹೇಬ್ರ.”

“ಸಂಶಯ ಇಲ್ದ ಕಳವು ಹೆಂಗ ಆಕ್ಕೈತಿ? ಇರ್ಲಿ. ಮನ್ಯಾಗ ಬಂದು ಹೋಗಿ ಮಾಡೋರು ಯಾರು?”

“ಗಾಳೆಮ್ಮ ಒಬ್ಬಾಕಿ. ಆಕಿ ಬಂದು ಹೋಗೂದಂದ್ರ, ಆಕಿ ನಮ್ಮಾಕಿನ ರಿ.”

ಉಮಾಪತಿ ಮೊದಲ ವಾಕ್ಯವನ್ನು ಬರೆದುಕೊಂಡ. ಎರಡನೆಯದಕ್ಕೆ ಕಾಗದದಲ್ಲಿ ಜಾಗವಿರಲಿಲ್ಲ.

ಮರುದಿನ ಗಾಳೆಮ್ಮ ಬಸ್ಸಿಳಿದು ಬಂದಾಗ ಯಮನೂರಮ್ಮನ ಬಾಗಿಲಲ್ಲಿ ಇನ್ನೂ ಜನರಿದ್ದರು. ಹೆಗಲಿನ ಚೀಲ ಇಳಿಸದೆ ನಿಂತು ಎಲ್ಲ ಕೇಳಿಕೊಂಡಳು. ಆಮೇಲೆ ಕೇಳಿದ್ದು ಒಂದೇ ಮಾತು.

“ನಾ ಬರೂತನಕ ತಡಿಲಿಕ್ಕೆ ಆಗಲಿಲ್ಲೇನು ನಿನಗ?”

ಅದು ಬೇಸರದ ಮಾತೆಂದು ಯಮನೂರಮ್ಮ ತಿಳಿದಳು. ಎರಡು ದಿನದ ಮೇಲೆ ಉಮಾಪತಿ ಗಾಳೆಮ್ಮನನ್ನು ಅಗಸಿ ಕಟ್ಟೆಗೆ ಕರೆಸಿ, ನಾಲ್ಕು ಜನರೆದುರು, ನೀ ಯಾವಾಗ ಹೋದಿ, ಯಾವಾಗ ಬಂದಿ ಎಂದು ಕೇಳಿದ. ಅಂದು ಸಂಜೆ ಕಿಂಡಿಗೆ ಆ ಕಡೆಯಿಂದ ಹಳೆಯ ಕೌದಿಯ ತುಂಡೊಂದು ಬಂದು ಬಿಗಿಯಾಗಿ ಕೂತಿತು.

ಡಿಸೆಂಬರಿನಲ್ಲಿ ಪೊಲೀಸರು ಅಪರಾಧ ತಡೆ ಮಾಸಾಚರಣೆ ಮಾಡುತ್ತಾರೆ. ಆ ತಿಂಗಳು ಅಪರಾಧ ತಡೆಯುವ ಬಗ್ಗೆ ಸಭೆಗಳಾಗುತ್ತವೆ. ಕೆಂಪಿಹಾಳದಲ್ಲಿ ತಾಜಾ ಅಪರಾಧವೊಂದು ಆಗಿದ್ದರಿಂದ ಅಲ್ಲಿಯೂ ಸಭೆಯಾಯಿತು. ಪಿ.ಎಸ್.ಐ. ಸಾಹೇಬರು ಸಮುದಾಯದ ಸಹಭಾಗಿತ್ವ ಎಂಬ ವಿಷಯದ ಮೇಲೆ ಮಾತಾಡಿದರು. ಸಹಭಾಗಿತ್ವ ಅಂದರೇನೆಂದು ಮುದುಕನೊಬ್ಬ ಕೇಳಿದ್ದಕ್ಕೆ ಪಕ್ಕದವನು, “ರೊಕ್ಕ ಪಂಚಾಯ್ತೀದು, ಹೆಸರು ಅವ್ರದು” ಎಂದು ಬಿಡಿಸಿ ಹೇಳಿದ. ಕೊನೆಗೆ ಸಾಹೇಬರು, ನೊಂದವರೇ ಹೇಳಲಿ, ನಿಮಗೆ ಏನಾಗಬೇಕು ಎಂದು ಯಮನೂರಮ್ಮನನ್ನು ಎಬ್ಬಿಸಿದರು. ಅವಳು ಸೆರಗು ಸರಿಮಾಡಿಕೊಂಡು, ಗಾಳೆಮ್ಮ ಎಲ್ಲಿ ಕೂತಿದ್ದಾಳೆಂದು ಹುಡುಕಿ, ಕಾಣದೆ, ಹೇಳಿದಳು:

“ಎಲ್ಲಾ ಮೊದಲಿನಂಗ ಆಗಬೇಕ್ರಿ.”

“ಬಹಳ ಸರಿಯಾದ ಮಾತು” ಅಂದರು ಸಾಹೇಬರು. ಕಾರ್ಯದರ್ಶಿ ಅದನ್ನು, ಅಗಸಿಯಲ್ಲಿ ಕ್ಯಾಮೆರಾ ಅಳವಡಿಸಲು ಸಾರ್ವಜನಿಕರಿಂದ ಬೇಡಿಕೆ, ಎಂದು ನಡಾವಳಿಯಲ್ಲಿ ಬರೆದ.

ಚರಂಡಿಗಾಗಿ ಎರಡು ಚುನಾವಣೆ ಕಾದಿದ್ದ ಊರಿಗೆ ಕ್ಯಾಮೆರಾ ಒಂದೇ ವಾರದಲ್ಲಿ ಬಂತು. ಹನುಮಪ್ಪನ ಗುಡಿಯ ಎದುರು ಎತ್ತರದ ಕಂಬ, ಕಂಬದ ಮೇಲೆ ಬಿಸಿಲು ಹೀರುವ ಹಲಗೆ, ಅದರ ಕೆಳಗೆ ಬಿಳಿಯ ಗುಂಡುಮುಖ. ಅಗಸಿ ಕಟ್ಟೆ, ಮೆಹಬೂಬಸಾಬನ ಚಹಾದ ಅಂಗಡಿ, ಗುಡಿಯ ಅಂಗಳ ಎಲ್ಲ ಅದರ ಕಣ್ಣಿನೊಳಗೆ. ಊರು ಸುರಕ್ಷಿತವಾಯಿತು, ಕಟ್ಟೆ ಖಾಲಿಯಾಯಿತು. ಅಲ್ಲಿ ಕೂರುತ್ತಿದ್ದವರು ಯಾವ ತಪ್ಪನ್ನೂ ಮಾಡುತ್ತಿರಲಿಲ್ಲ. ಆದರೆ ತಾವು ಇಡೀ ದಿನ ಏನೂ ಮಾಡದೆ ಕೂತಿರುತ್ತೇವೆ ಎಂಬುದನ್ನು ಸರ್ಕಾರದಲ್ಲಿ ದಾಖಲೆ ಮಾಡಿಸಲು ಯಾರಿಗೂ ಮನಸ್ಸಿರಲಿಲ್ಲ.

“ಯಮನೂರಕ್ಕಾ, ಭಾಳ ಛಲೋ ಮಾಡಿದಿ” ಅಂದ ಮೆಹಬೂಬಸಾಬ, ಒಂದೇ ಒಂದು ಚಹಾದ ಲೋಟ ತೊಳೆಯುತ್ತ. “ಮೊದಲ ಉದ್ರಿ ಕುಡಿಯೋರಾದ್ರೂ ಬರ್ತಿದ್ರು.”

ಅವಳು ನೀರಿಗೆ ಹೋದರೆ ನಳದ ಹತ್ತಿರ ಮಾತು ತಗ್ಗುತ್ತಿತ್ತು. ಗಾಳೆಮ್ಮ ಎದುರಾದರೆ ಎಮ್ಮೆಯ ಜೊತೆ ಮಾತಾಡುತ್ತ ಹೋಗುತ್ತಿದ್ದಳು. “ನಡಿ, ನಡಿ. ನಿನಗೂ ಪೊಲೀಸ್ರನ್ನ ಕರಸ್ಲೇನು?” ಎಮ್ಮೆಗೆ ಈ ಮಾತು ಅರ್ಥವಾಗಿರಲಾರದು. ಸಂಜೆ ಯಮನೂರಮ್ಮ ಒಲೆ ಹಚ್ಚುತ್ತಿದ್ದಳು, ಒಂದು ರೊಟ್ಟಿ ಬಡಿಯುತ್ತಿದ್ದಳು, ರೂಢಿಯಂತೆ ಗೋಡೆಗೆ ಬೆನ್ನು ಹಚ್ಚಿ ತಿನ್ನುತ್ತಿದ್ದಳು. ಕೌದಿ ದಪ್ಪನೆಯದು. ಆ ಕಡೆಯ ಬಳೆಯ ಸದ್ದೂ ದಾಟುತ್ತಿರಲಿಲ್ಲ. ಡಾಬು ಸಿಗದಿದ್ದರೆ ಹೋಗಲಿ, ಈ ಅರಿವೆಯ ತುಂಡನ್ನು ತೆಗೆಸುವುದು ಹೇಗೆ ಎಂಬುದೊಂದೇ ಅವಳಿಗೆ ಚಿಂತೆ. ಕಡೆಗೆ ಮಾರೆಪ್ಪನ ಮನೆಗೆ ಹೋದಳು.

“ಮಾರೆಪ್ಪ ಕಾಕಾ, ಬೂದಿ ಗುಂಪಿ ಹಾಕ್ಸು.”

ಮಾರೆಪ್ಪ ಎಲೆ ಅಡಿಕೆ ಜಗಿಯುತ್ತ ಅವಳ ಕಾಲಬುಡವನ್ನೇ ನೋಡಿದ.

“ಈಗ ನೆನಪಾತೇನವಾ ನಾನು? ಮೊದಲ ಗುಂಪಿ, ಆಮ್ಯಾಲೆ ಜೀಪು. ಜೀಪು ಬಂದ ಮ್ಯಾಲೆ ಗುಂಪಿ ಹಾಕಿದ್ದು ನಮ್ಮಪ್ಪನ ಕಾಲದಾಗೂ ಇಲ್ಲ.”

“ತಪ್ಪಾತು.”

“ತಪ್ಪು ಆಗ್ಲಿ. ಆ ಕಂಬದ ಮ್ಯಾಲೆ ಕುಂತಾನಲ್ಲ, ಅವ್ನಿಗೇನು ಮಾಡೂಣು?”

ಇಬ್ಬರೂ ಉಮಾಪತಿಯನ್ನು ಕಂಡರು. ಒಂದು ಮುಂಜಾನೆಯ ಮಟ್ಟಿಗೆ ಅದನ್ನು ಬಂದ್ ಮಾಡಬೇಕೆಂದು ಕೇಳಿದರು. ಉಮಾಪತಿ ಕೆಟ್ಟವನಲ್ಲ. ಯಲಬುರ್ಗಾ ಕಡೆಯ ಒಕ್ಕಲಿನ ಮನೆಯವನು, ಅವನೂರಲ್ಲೂ ಇಂಥದೇನೋ ಇತ್ತು.

“ಬಂದ್ ಮಾಡಿದ್ರ ಠಾಣೇದಾಗ ಗೊತ್ತಾಕ್ಕೈತಿ ಕಾಕಾ. ಯಾಕ ಬಂದ್ ಆತು ಅಂತ ನಾ ಬರದು ಕೊಡಬೇಕು. ಏನಂತ ಬರೀಲಿ? ಕಳ್ಳರಿಗೆ ಅನುಕೂಲ ಆಗ್ಲಿ ಅಂತ ಬರೀಲೇನು?”

“ಹೌದಲ್ಲ ಮತ್ತ” ಅಂದ ಮಾರೆಪ್ಪ. “ಅದಕ್ಕs ಇರೂದು ಗುಂಪಿ. ಹೋಗ್ಲಿ, ಒಂದು ಕಂಬಳಿ ಹೊಚ್ತೀನಿ ಅದ್ರ ಮ್ಯಾಲೆ. ಚಳಿ ಐತಿ.”

“ಸರ್ಕಾರಿ ಸಾಮಾನದು. ಕಂಬಳಿ ಹೊಚ್ಚಿದ್ರ ನಿನ್ನ ಮ್ಯಾಲೆ ಕೇಸು. ಬ್ಯಾರೆ ಕಡೆ ಹಾಕ್ರಿ ಗುಂಪಿ. ಊರೇನು ಸಣ್ಣದೈತಿ?”

“ಹನುಮಪ್ಪನ ಮುಂದ ಹಾಕಿದ್ರ ಅದು ಗುಂಪಿ. ಬ್ಯಾರೆ ಕಡೆ ಹಾಕಿದ್ರ ತಿಪ್ಪಿ.”

ಉಮಾಪತಿ ಟೊಪ್ಪಿಗೆ ಹಾಕಿಕೊಂಡು ಎದ್ದ.

ಯಮನೂರಮ್ಮ ಬಿಡಲಿಲ್ಲ. ಕಂಬವಿದ್ದರೆ ಇರಲಿ ಎಂದಳು. ಮಾರೆಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಹಲಗೆ ಬಡಿದ. ಮರುದಿನ ಕೆಂಪಿಹಾಳ ತನ್ನ ಚರಿತ್ರೆಯಲ್ಲೇ ಅತ್ಯಂತ ಸ್ವಚ್ಛವಾದ ಬೂದಿಯನ್ನು ಹನುಮಪ್ಪನ ಮುಂದೆ ತಂದಿತು. ಗ್ಯಾಸಿನ ಒಲೆ ಬಂದ ಮನೆಗಳವರು ನೀರೊಲೆಯ ಬೂದಿ ಬಳಿದರು. ಅದೂ ಸಾಲದವರು ನೆರೆಮನೆಯಿಂದ ಕೈಗಡ ತಂದರು. ಎಲ್ಲರೂ ರಾತ್ರಿಯೇ ಜರಡಿ ಹಿಡಿದಿದ್ದರು, ಒಂದು ಇದ್ದಿಲ ಚೂರೂ ಸಂಶಯಕ್ಕೆ ಕಾರಣವಾಗಬಾರದು. ಬುಟ್ಟಿಗಳ ಮೇಲೆ ಅರಿವೆಯಿರಲಿಲ್ಲ. ಹೆಂಗಸರು ಹೊಸ ಸೀರೆ ಉಟ್ಟಿದ್ದರು, ಗಂಡಸರು ತಲೆ ಬಾಚಿದ್ದರು. ಒಬ್ಬೊಬ್ಬರೇ ಕಂಬದ ಕೆಳಗೆ ನಿಂತು, ಬುಟ್ಟಿಯನ್ನು ಮುಖದೆತ್ತರಕ್ಕೆ ಎತ್ತಿ, ಬೂದಿಯನ್ನು ಸಣ್ಣ ಧಾರೆಯಾಗಿ, ಅಕ್ಕಿ ಮಾರುವವರು ತೋರಿಸುವ ಹಾಗೆ, ಸುರಿದು ತೋರಿಸಿ ಹೋದರು. ಗಾಳೆಮ್ಮನೂ ಬಂದಳು. ಸುರಿದಳು. ಕಂಬದ ಕಡೆಗೆ ನೋಡಲಿಲ್ಲ, ಯಮನೂರಮ್ಮನ ಕಡೆಗೂ ನೋಡಲಿಲ್ಲ.

ಮಾರೆಪ್ಪ ಗುಂಪಿ ಕೆದರಿದ. ಬೂದಿಯೊಳಗೆ ಬೂದಿ ಇತ್ತು.

“ನೋಡವಾ” ಅಂದ ಅವನು, ಕೈ ಝಾಡಿಸುತ್ತ, “ಊರಾಗ ಕಳ್ಳರು ಯಾರೂ ಇಲ್ಲ ಅಂತ ಸರ್ಕಾರಕ್ಕ ಖಾತ್ರಿ ಆತು.”

ಕೆಲವು ದಿನ ಕಳೆದ ಮೇಲೆ, ಒಂದು ಮುಂಜಾನೆ ಯಮನೂರಮ್ಮ ಒಲೆ ಬಳಿದು, ಬೂದಿ ಚೆಲ್ಲಲು ಹಿತ್ತಿಲಿಗೆ ಹೋದಳು. ಹಿತ್ತಿಲ ಮೂಲೆಯಲ್ಲಿ, ನುಗ್ಗೆಗಿಡದ ಬುಡಕ್ಕೆ ಅವಳದೇ ಒಂದು ಸಣ್ಣ ಬೂದಿಕುಣಿ. ಅದರ ಮೇಲೆ ಯಾರದೋ ಕೈ ಆಡಿದ ಗುರುತಿತ್ತು. ಕೆದರಿದಳು. ಡಾಬು.

ಮೊದಲು ಎದೆಗೆ ಒತ್ತಿಕೊಂಡಳು. ಆಮೇಲೆ ಸೆರಗಿನಿಂದ ಒರೆಸಿ ನೋಡಿದಳು. ಕೊಂಡಿಗಳ ಸಂದಿಯಲ್ಲಿ ಬೂದಿಯ ಜೊತೆಗೆ ಅರಿಸಿನ ಹತ್ತಿದ ಅಕ್ಕಿಕಾಳು ಸಿಕ್ಕಿಕೊಂಡಿದ್ದವು, ಎರಡು ಮೂರು. ಉಡಿ ತುಂಬುವಾಗ, ಆರತಿ ಮಾಡುವಾಗ, ಬಸುರಿಯ ಮೇಲೆ ಹಾಕುವ ಅಕ್ಷತೆ. ಜೋಳ ಉಣ್ಣುವ ಸೀಮೆಯಲ್ಲಿ ಅಕ್ಕಿಕಾಳು ಅಷ್ಟು ಸುಲಭವಾಗಿ ಡಾಬಿಗೆ ಸಿಗುವುದಿಲ್ಲ.

ಎಲ್ಲವೂ ತಿಳಿಯಿತು. ಮರಳಿಯ ಬೀಗರು ಭತ್ತದ ಶ್ರೀಮಂತರು. ತುಂಬಿದ ಸಭೆಯಲ್ಲಿ ಮಗಳು ಬರೀ ಸೊಂಟದಲ್ಲಿ ಕೂರುವುದು ಗಾಳೆಮ್ಮನಿಗೆ ಬೇಡವಾಗಿತ್ತು. ಕೇಳಿದ್ದರೆ ಯಮನೂರಮ್ಮ ತಾನೇ ಕಟ್ಟಿ ಕಳಿಸುತ್ತಿದ್ದಳು. ಆದರೆ ಕಿಂಡಿಯಲ್ಲಿ ಉಪ್ಪು ಕೇಳಬಹುದು, ಮಜ್ಜಿಗೆ ಕೇಳಬಹುದು, ಬೀಗರೆದುರು ಮಾನ ಮುಚ್ಚಿಕೊಳ್ಳುವುದಕ್ಕೆ ಬೆಳ್ಳಿ ಕೇಳುವುದು ಬೇರೆ. ಎರಡು ದಿನದಲ್ಲಿ ತಂದು ಅದೇ ಜೋಳದಲ್ಲಿ ಹುಗಿದರೆ ಯಾರಿಗೆ ಗೊತ್ತಾಗಬೇಕು? ಮಳೆಗಾಲದವರೆಗೆ ಆ ಡಬ್ಬಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಬಸ್ಸಿಳಿದು ಬಂದಾಗ ಹೆಗಲಿನ ಚೀಲದೊಳಗೆ ಡಾಬು ಇತ್ತು, ಬಾಗಿಲಲ್ಲಿ ಜನರಿದ್ದರು, ಪೊಲೀಸರು ಆಗಲೇ ಬರೆದುಕೊಂಡು ಹೋಗಿದ್ದರು. ನಾ ಬರೂತನಕ ತಡಿಲಿಕ್ಕೆ ಆಗಲಿಲ್ಲೇನು ನಿನಗ.

ಗುಂಪಿಯಲ್ಲಿ ಸಿಕ್ಕಿದ್ದರೆ ಡಾಬು ಯಾರ ಬುಟ್ಟಿಯದೂ ಆಗಬಹುದಿತ್ತು. ಯಮನೂರಮ್ಮನೂ ಯಾರದೆಂದು ಕೇಳಿಕೊಳ್ಳದೆ ಕಟ್ಟಿಕೊಂಡು ಮನೆಗೆ ಬರುತ್ತಿದ್ದಳು, ಸಂಜೆ ಕಿಂಡಿಯಲ್ಲಿ ಕೈ ತೂರಿಸುತ್ತಿದ್ದಳು. ಹಿತ್ತಿಲ ಕುಣಿಯಲ್ಲಿ ಸಿಕ್ಕ ಡಾಬಿಗೆ ಒಂದೇ ಬುಟ್ಟಿ. ನುಗ್ಗೆಗಿಡದ ಬುಡ ಗೊತ್ತಿದ್ದವಳು ಒಬ್ಬಳೇ. ಅವಳು ಕೊಟ್ಟದ್ದು ಇವಳಿಗೆ ಗೊತ್ತು, ಇವಳಿಗೆ ಗೊತ್ತೆಂದು ಅವಳಿಗೆ ಗೊತ್ತು. ಹೀಗೆ ಗೊತ್ತಿರುವ ಇಬ್ಬರು ಹೆಂಗಸರ ನಡುವಿನ ಕಿಂಡಿ ಮುಚ್ಚಲು ಕೌದಿಯ ತುಂಡು ಬೇಕಾಗಿಯೇ ಇಲ್ಲ.

ಮನೆಯಲ್ಲೇ ಸಿಕ್ಕಿತೆಂದು ಹೇಳಿಬಿಡೋಣವೆಂದರೆ ಪಂಚರು ಮನೆಯ ಒಂದೊಂದು ಗೂಡನ್ನೂ ತಡಕಿದ್ದರು. ಎಲ್ಲಿಂದ ಬಂತು, ಯಾರು ತಂದಿಟ್ಟರು ಎಂದು ಉಮಾಪತಿ ಮತ್ತೆ ಕೇಳಿಯೇ ಕೇಳುತ್ತಾನೆ. ಮನೆಗೆ ಬಂದು ಹೋಗುವವರು ಯಾರೆಂಬುದು ಅವನ ಕಾಗದದಲ್ಲಿ ಆಗಲೇ ಇದೆ. ಸುಮ್ಮನೆ ಮುಚ್ಚಿಟ್ಟರೆ ಕೇಸು ಹಾಗೆಯೇ ಉಳಿಯುತ್ತದೆ, ಗಾಳೆಮ್ಮನ ಹೆಸರೂ ಅದರೊಳಗೆ ಉಳಿಯುತ್ತದೆ. ಯಮನೂರಮ್ಮ ಅಂದು ಸಾಲಿಯ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದಳು. ಮಕ್ಕಳು ನೀರು ಕುಡಿಯುತ್ತ ಉಂಡವು.

ಸಂಜೆ ಮತ್ತೆ ಮಾರೆಪ್ಪನ ಮನೆಗೆ ಹೋದಳು.

“ಇನ್ನೊಂದು ಸಲ ಹಲಗಿ ಬಡಿ ಕಾಕಾ.”

“ಹುಚ್ಚು ಹಿಡಿದೈತೇನು? ಊರಾಗ ಬೂದಿ ಉಳಿದಿಲ್ಲ.”

“ಒಂದs ಸಲ. ಆಮ್ಯಾಲೆ ಕೇಳಂಗಿಲ್ಲ.”

ಎರಡನೆಯ ಗುಂಪಿಗೆ ಜನ ಗೊಣಗುತ್ತ ಬಂದರು. ಹೊಸ ಸೀರೆಗಳಿರಲಿಲ್ಲ. ಯಮನೂರಮ್ಮ ಎಲ್ಲರಿಗಿಂತ ಕೊನೆಗೆ ಬಂದಳು. ಅರಿವೆ ಮುಚ್ಚಿದ ಬುಟ್ಟಿ ಅವಳದೊಂದೇ. ಕಂಬದ ಕೆಳಗೆ ನಿಂತಳು. ಅರಿವೆ ತೆಗೆದಳು. ತಲೆಯೆತ್ತಿ, ಫೋಟೋ ಹೊಡೆಸಿಕೊಳ್ಳುವವಳ ಹಾಗೆ, ಆ ಬಿಳಿಯ ಗುಂಡುಮುಖವನ್ನೇ ನೋಡುತ್ತ, ಬುಟ್ಟಿಯನ್ನು ನಿಧಾನ ಓರೆ ಮಾಡಿದಳು. ಬೂದಿಯ ಜೊತೆಗೆ ಬೆಳ್ಳಿ ಜಾರಿತು. ಜನ ಅಷ್ಟು ಹೊತ್ತಿಗೆ ಪದ್ಧತಿಯಂತೆ ಬೆನ್ನು ತಿರುಗಿಸಿ ನಿಂತಿದ್ದರು, ಸರ್ಕಾರಕ್ಕೆ ಬೆನ್ನಿರಲಿಲ್ಲ.

ಮಾರೆಪ್ಪ ಕೆದರಿದಾಗ ಡಾಬು ಮೊದಲ ಕೈಗೇ ಸಿಕ್ಕಿತು. ಅವನು ಅದನ್ನು ಎತ್ತಿ ಹಿಡಿದು, ಹನುಮಪ್ಪನ ಕಡೆಗೊಮ್ಮೆ, ಕಂಬದ ಕಡೆಗೊಮ್ಮೆ ನೋಡಿದ.

ಮಧ್ಯಾಹ್ನಕ್ಕೆ ಉಮಾಪತಿ ಬಂದ. ಫೋನಿನಲ್ಲಿ ಆ ದೃಶ್ಯವಿತ್ತು. ಮೆಹಬೂಬಸಾಬನ ಅಂಗಡಿಯಲ್ಲಿ ಚಹಾ ಕುಡಿಯುವಾಗ ಅವನೊಬ್ಬನಿಗೇ ತೋರಿಸಿದ. ಒಬ್ಬನಿಗೇ ತೋರಿಸಿದ್ದು ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಯಿತು. ಆಮೇಲೆ ಅವನು ಸಾಲಿಯ ಅಡುಗೆಮನೆಗೆ ಹೋದ.

“ಏನ್ರಿ ಅಮ್ಮಾರ ಇದು? ನಿಮ್ಮ ಡಾಬು, ನಿಮ್ಮ ಬುಟ್ಟ್ಯಾಗ?”

“ಮರ್ತಿದ್ದೆ ರಿ. ಡಬ್ಬ್ಯಾಗಿಂದ ತಗದು ಹಿತ್ತಲದಾಗ ಹುಗದಿಟ್ಟಿದ್ದೆ, ಕಳ್ಳರ ಅಂಜಿಕಿಗೆ. ನೆನಪ ಹೋತು. ಸಿಕ್ಕ ಮ್ಯಾಲೆ ಹೇಳಾಕ ನಾಚಿಕಿ ಆತು.”

“ಅದಕ್ಕ ಕಳ್ಳರಂಗ ಗುಂಪಿಗೆ ಹಾಕಿದ್ರಾ?”

“ಗುಂಪಿ ಇರೂದು ನಾಚಿಕಿ ಇದ್ದೋರಿಗೇ ಅಲ್ಲೇನ್ರಿ?”

ಉಮಾಪತಿ ಅವಳ ಮುಖ ನೋಡಿದ. ಅವನಿಗೂ ಏನೋ ಹೊಳೆದಿರಬೇಕು, ಯಲಬುರ್ಗಾ ಕಡೆಯವನಲ್ಲವೇ. ಆದರೆ ಹೊಳೆದದ್ದನ್ನೆಲ್ಲ ಬರೆಯುವುದು ಅವನ ಕೆಲಸವಾಗಿರಲಿಲ್ಲ. ಸುಳ್ಳು ದೂರು ಕೊಟ್ಟು ಇಲಾಖೆಯ ಸಮಯ ಹಾಳು ಮಾಡಿದ್ದಕ್ಕೆ ಎರಡು ಬಿರುಸು ಮಾತು ಆಡಿದ, ಒಂದು ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡ, ಬಿಸಿಯೂಟ ಉಂಡು ಹೋದ. ಮಾಸಾಚರಣೆಯ ವರದಿಯಲ್ಲಿ, ಕ್ಯಾಮೆರಾದ ನೆರವಿನಿಂದ ಪ್ರಕರಣ ಇತ್ಯರ್ಥ, ಎಂದು ಒಂದು ಸಾಲು ಬಂತೆಂದು ಹೇಳುತ್ತಾರೆ. ಅದು ಸುಳ್ಳಲ್ಲ.

ಮರುದಿನ ಮುಂಜಾನೆ ಯಮನೂರಮ್ಮ ಕೊಡ ಹಿಡಿದು ನಳಕ್ಕೆ ಹೋದಾಗ ಅಲ್ಲಿ ಗಾಳೆಮ್ಮ ನಿಂತಿದ್ದಳು. ಕೊಡ ತುಂಬಿ ಚೆಲ್ಲುತ್ತಿದ್ದರೂ ಹೊರಟಿರಲಿಲ್ಲ. ಸೊಂಟಕ್ಕೆ ಕೈ ಇಟ್ಟಳು.

“ಏನ ಯಮನೂರಿ, ಮಾರಿ ತೋರಸಾಕ ಬಂದಿಯೇನ? ತನ್ನ ಹಿತ್ತಲದಾಗ ತಾನs ಹುಗದು, ಊರ ಮಂದಿ ಮ್ಯಾಲೆ ಹೊರಸ್ತಿ. ಪೊಲೀಸ್ರನ್ನ ಕರಸ್ತಿ. ನನ್ನ ಕಟ್ಟಿ ಮ್ಯಾಲೆ ಕುಂದ್ರಿಸಿ ಕೇಳಿಸಿದಿ. ಆ ಕಂಬ ನೆಡಸಿದಿ. ತಲಿ ನೆಟ್ಟಗ ಐತೇನ ನಿಂದು?”

ದನಿ ಅಗತ್ಯಕ್ಕಿಂತ ದೊಡ್ಡದಾಗಿತ್ತು. ಅಗಸಿಯ ತನಕ ಕೇಳುವಷ್ಟು. ಆಸುಪಾಸಿನವರೆಲ್ಲ ಹೌದೌದು ಎಂದರು, ಕೇಳು, ಕೇಳು, ಇನ್ನೂ ಕೇಳು ಅಂದರು. ಬಯ್ಯುವಷ್ಟು ಹೊತ್ತೂ ಗಾಳೆಮ್ಮ ಯಮನೂರಮ್ಮನ ಕೊಡವನ್ನೇ ನೋಡುತ್ತಿದ್ದಳು. ಕಿಂಡಿಗೆ ಕೌದಿ ಬಿದ್ದಂದಿನಿಂದ ಅವಳು ಎಮ್ಮೆಯ ಮೂಲಕವಲ್ಲದೆ ನೇರವಾಗಿ ಆಡಿದ ಮೊದಲ ಮಾತುಗಳು ಇವು. ಯಮನೂರಮ್ಮ ಒಂದನ್ನೂ ಬಿಡದೆ ಕೇಳಿಸಿಕೊಂಡಳು.

“ತಪ್ಪಾತು ಬಿಡವಾ ಗಾಳೆಮ್ಮ” ಅಂದಳು. “ವಯಸ್ಸಾತು. ನೆನಪ ಇರಂಗಿಲ್ಲ.”

“ವಯಸ್ಸಾತಂತ” ಅಂದಳು ಗಾಳೆಮ್ಮ. ದನಿ ಅಲ್ಲಿ ಒಂದಿಷ್ಟು ಜಾರಿತು. ತಕ್ಷಣ ಕೊಡ ಎತ್ತಿ ಹೊರಟಳು, ಅರ್ಧ ನೀರು ದಾರಿಗೇ ಹೋಯಿತು.

ಅಲ್ಲಿಂದ ಮುಂದೆ ಊರಿಗೆ ಒಂದು ಹೊಸ ಗಾದೆ ಸಿಕ್ಕಿತು. ಯಾರಾದರೂ ಚಪ್ಪಲಿ ಹುಡುಕಿದರೆ, ಯಮನೂರಿ ಹಿತ್ತಲ ನೋಡಪಾ, ಎನ್ನುತ್ತಿದ್ದರು. ನಳದ ಹತ್ತಿರ ಮಾತು ತಗ್ಗುವುದು ನಿಂತು, ನಗು ಏಳತೊಡಗಿತು. ಗಾಳೆಮ್ಮ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಎಳ್ಳಮಾವಾಸ್ಯೆ ಬಂತು. ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯೆ ಬುಟ್ಟಿ ತುಂಬಿಕೊಂಡು ಹೊಲಕ್ಕೆ ಹೋಗಿ, ನಿಂತ ಪೈರಿಗೆ ಅದನ್ನೇ ಚರಗವೆಂದು ಚೆಲ್ಲಿ, ಕೂತು ಉಂಡು ಬರುವ ಹಬ್ಬ. ಯಮನೂರಮ್ಮನಿಗೆ ಹೊಲವಿಲ್ಲ, ಪ್ರತಿ ವರ್ಷ ಗಾಳೆಮ್ಮನ ಬಂಡಿಯಲ್ಲಿ ಹೋಗುತ್ತಿದ್ದಳು. ಈ ವರ್ಷವೂ ರೊಟ್ಟಿ ಬಡಿದಳು, ಬುಟ್ಟಿ ಕಟ್ಟಿದಳು, ಒಂದು ಕರೆ ಬಂದರೂ ಬರಬಹುದೆಂದು ಬಾಗಿಲಲ್ಲಿ ನಿಂತಳು. ಕಡೆಗೆ ತಾನೇ ಅಗಸಿಯವರೆಗೆ ನಡೆದಳು. ಬಂಡಿ ಹಿಂದಿನಿಂದ ಬಂತು. ಮರಳಿಯ ಬೀಗರು, ಮಗಳು ದ್ರಾಕ್ಷಾಯಿಣಿ, ನೆಂಟರು ತುಂಬಿದ್ದರು.

“ಏ ಯಮನೂರಿ” ಗಾಳೆಮ್ಮ ಮೇಲಿನಿಂದ ಕೂಗಿದಳು, “ಡಾಬು ಎಲ್ಲಿ ಐತಿ ನೋಡ್ಕೊಂಡು ಬಂದಿಯೇನ?”

ಬಂಡಿಯೆಲ್ಲ ನಕ್ಕಿತು. ದ್ರಾಕ್ಷಾಯಿಣಿ ಮಾತ್ರ ನಗದೆ, ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು ಬೇರೆ ಕಡೆ ನೋಡಿದಳು.

“ಐತೆವಾ” ಅಂದಳು ಯಮನೂರಮ್ಮ. “ಇದ್ದಲ್ಲೇ ಐತಿ.”

ಬಂಡಿ ನಿಲ್ಲಲಿಲ್ಲ. ಅವಳು ಸ್ವಲ್ಪ ದೂರ ಅದರ ಧೂಳಿನಲ್ಲಿ ನಡೆದು, ಕಂಬದ ನೆರಳು ಮುಗಿಯುವಲ್ಲಿ ನಿಂತು, ಹಿಂದಿರುಗಿದಳು. ಮೆಹಬೂಬಸಾಬನಿಗೆ ಎರಡು ಹೋಳಿಗೆ ಕೊಟ್ಟಳು. ಅವನು ಬೇಡವೆನ್ನದೆ ತೆಗೆದುಕೊಂಡ.

ಸಂಜೆ ಒಲೆ ಹಚ್ಚಲಿಲ್ಲ, ಹಬ್ಬದ ರೊಟ್ಟಿ ಬೇಕಾದಷ್ಟಿತ್ತು. ಗೋಡೆಗೆ ಬೆನ್ನು ಹಚ್ಚಿ ಕೂತಳು. ಕಿಂಡಿಯಲ್ಲಿ ಕೌದಿಯ ತುಂಡು ಹಾಗೆಯೇ ಇತ್ತು. ಬೀಗರು ತುಂಬಿದ್ದರಿಂದ ಆ ಕಡೆ ಗದ್ದಲ ಹೆಚ್ಚು, ಅರಿವೆ ದಾಟಿ ದನಿಗಳು ಬರುತ್ತಿದ್ದವು. ಗಾಳೆಮ್ಮ ಯಾರಿಗೋ ಕಥೆ ಹೇಳುತ್ತಿದ್ದಳು: ಪಕ್ಕದ ಮನ್ಯಾಗೊಬ್ಬಾಕಿ ಅದಾಳ, ಆಕಿ ಏನು ಮಾಡಿದ್ಳು ಅಂದ್ರ. ಚೆನ್ನಾಗಿ ಹೇಳುತ್ತಿದ್ದಳು. ಜೀಪು ಬಂದದ್ದು, ಡಬ್ಬಿ ಬೋರಲು ಹಾಕಿದ್ದು, ಜರಡಿ ಹಿಡಿದ ಬೂದಿ. ಒಂದೆರಡು ಕಡೆ ಸಂಗತಿ ಹಿಂದು ಮುಂದಾಗಿತ್ತು. ಯಮನೂರಮ್ಮ ಈ ಕಡೆ ತುಟಿಯಲ್ಲೇ ಸರಿ ಮಾಡಿದಳು.

ನುಗ್ಗೆಗಿಡದ ತನಕ ಬಂದು ಕಥೆ ನಿಂತಿತು. ಮುಂದೇನಾತು ಎಂದು ಆ ಕಡೆ ಯಾರೋ ಕೇಳಿದರು. ಯಮನೂರಮ್ಮ ರೊಟ್ಟಿ ಮುರಿಯುವುದನ್ನು ಬಿಟ್ಟು, ಕೌದಿಗೆ ಕಿವಿ ಹಚ್ಚಿ ಕಾಯುತ್ತ ಕೂತಳು.